ತಂದೆ ತಾಯಿಯ ರಕ್ತದ ಗುಂಪಿನಿಂದ ಮಗುವಿನ ಗುಂಪನ್ನು ಲೆಕ್ಕ ಹಾಕುವುದು ಹೇಗೆ: ಸಮಗ್ರ ಮಾರ್ಗದರ್ಶಿ

ತಂದೆಯದು ಎ ಪಾಸಿಟಿವ್, ತಾಯಿಯದು ಬಿ ಪಾಸಿಟಿವ್. ಮಗುವಿನ ರಿಪೋರ್ಟಿನಲ್ಲಿ ಓ ನೆಗೆಟಿವ್ ಎಂದು ಬಂದಿದೆ. ಇದು ಸಾಧ್ಯವೇ? ಖಂಡಿತ ಸಾಧ್ಯ. ಅಕ್ಷರವೂ ಹೊಂದುವುದಿಲ್ಲ, ಚಿಹ್ನೆಯೂ ಹೊಂದುವುದಿಲ್ಲ ಎಂದು ಮೇಲ್ನೋಟಕ್ಕೆ ಅನಿಸಿದರೂ ಇಲ್ಲಿ ಆನುವಂಶಿಕತೆಯ ಯಾವ ನಿಯಮವೂ ಮುರಿದಿಲ್ಲ. ರಕ್ತಕಣದ ಮೇಲೆ ಏನು ಕಾಣುತ್ತದೆ ಎಂಬುದಷ್ಟೇ ರಿಪೋರ್ಟಿನಲ್ಲಿರುತ್ತದೆ. ಆ ವ್ಯಕ್ತಿ ಮಕ್ಕಳಿಗೆ ಏನನ್ನು ದಾಟಿಸಬಲ್ಲರು ಎಂಬುದು ಅದರಲ್ಲಿ ಪೂರ್ತಿಯಾಗಿ ಇರುವುದಿಲ್ಲ. ಈ ವ್ಯತ್ಯಾಸ ಒಮ್ಮೆ ಮನಸ್ಸಿಗೆ ಹತ್ತಿದರೆ ಮಿಕ್ಕಿದ್ದು ಪೆನ್ನು ಕಾಗದ ಹಿಡಿದು ಮಾಡುವ ಲೆಕ್ಕ.

ಲೆಕ್ಕದ ಹಿಂದಿರುವ ಜೀವಶಾಸ್ತ್ರ

ಕೆಂಪು ರಕ್ತಕಣದ ಹೊರಮೈಯಲ್ಲಿ ಸಕ್ಕರೆಯ ಅಣುಗಳು ಸರಪಳಿಯಂತೆ ಜೋಡಿಕೊಂಡಿರುತ್ತವೆ. ಬಹುತೇಕ ಎಲ್ಲರಲ್ಲೂ ಇರುವ ಮೂಲ ಸರಪಳಿಗೆ ಎಚ್ ಪ್ರತಿಜನಕ (ಆಂಟಿಜನ್, ಅಂದರೆ ಕಣದ ಮೇಲಿನ ಗುರುತು) ಎಂದು ಹೆಸರು. 9ನೇ ವರ್ಣತಂತುವಿನಲ್ಲಿ ಇರುವ ಎಬಿಓ ಜೀನ್ ಒಂದು ಕಿಣ್ವವನ್ನು ತಯಾರಿಸುತ್ತದೆ. ಆ ಕಿಣ್ವ ಎಚ್ ಸರಪಳಿಯ ತುದಿಗೆ ಇನ್ನೊಂದು ಸಕ್ಕರೆಯನ್ನು ಅಂಟಿಸುತ್ತದೆ. ಜೀನಿನ ಎ ರೂಪದ ಕಿಣ್ವ ಅಂಟಿಸುವುದು ಎನ್-ಅಸಿಟೈಲ್ ಗ್ಯಾಲಕ್ಟೋಸಮೈನ್. ಬಿ ರೂಪದ್ದು ಅಂಟಿಸುವುದು ಗ್ಯಾಲಕ್ಟೋಸ್. ಓ ರೂಪದಲ್ಲಿ ಹೆಚ್ಚಿನವರಿಗೆ ಡಿಎನ್ಎಯ ಒಂದೇ ಒಂದು ಅಕ್ಷರ ಬಿಟ್ಟುಹೋಗಿರುತ್ತದೆ. ಅಲ್ಲಿಂದ ಮುಂದಿನ ಸೂಚನೆಯೆಲ್ಲ ಅಸ್ತವ್ಯಸ್ತವಾಗಿ ಕೆಲಸಕ್ಕೆ ಬಾರದ ಕಿಣ್ವ ತಯಾರಾಗುತ್ತದೆ. ಏನೂ ಅಂಟುವುದಿಲ್ಲ, ಎಚ್ ಸರಪಳಿ ಇದ್ದ ಹಾಗೆಯೇ ಉಳಿಯುತ್ತದೆ.

ಓ ಏಕೆ ಅಡಗಿಕೊಳ್ಳುತ್ತದೆ ಎಂಬುದಕ್ಕೆ ಉತ್ತರ ಇಲ್ಲಿಯೇ ಇದೆ. ಪ್ರತಿಯೊಬ್ಬರಲ್ಲೂ ಈ ಜೀನಿನ ಎರಡು ಪ್ರತಿಗಳಿರುತ್ತವೆ, ಒಂದು ತಾಯಿಯಿಂದ ಬಂದದ್ದು, ಒಂದು ತಂದೆಯಿಂದ ಬಂದದ್ದು. ಒಂದು ಪ್ರತಿ ಕೆಲಸ ಮಾಡದಿದ್ದರೂ ಇನ್ನೊಂದು ಎ ಕಿಣ್ವವನ್ನು ಕೊಡುತ್ತಿದ್ದರೆ ಕಣಗಳ ಮೇಲೆ ಎ ಮೂಡಿಯೇ ಮೂಡುತ್ತದೆ. ಎ ಮತ್ತು ಬಿ ಒಟ್ಟಿಗೆ ಇದ್ದರೆ ಎರಡೂ ಕೆಲಸ ಮಾಡುತ್ತವೆ, ಆಗ ಗುಂಪು ಎಬಿ.

ಕಾರ್ಲ್ ಲ್ಯಾಂಡ್‌ಸ್ಟೈನರ್ 1900-01ರಲ್ಲಿ ವಿಯೆನ್ನಾದಲ್ಲಿ ಮೊದಲ ಮೂರು ಗುಂಪುಗಳನ್ನು ಗುರುತಿಸಿದರು. ಎಬಿ ಗುಂಪು 1902ರಲ್ಲಿ ಪತ್ತೆಯಾಯಿತು. ಗುಂಪುಗಳು ವಂಶಪಾರಂಪರ್ಯವಾಗಿ ಬರುತ್ತವೆ ಎಂದು 1910ರಲ್ಲಿ ಫಾನ್ ಡುಂಗರ್ನ್ ಮತ್ತು ಹಿರ್ಷ್‌ಫೆಲ್ಡ್ ತೋರಿಸಿದರು. ಆದರೆ ಎ ಮತ್ತು ಬಿ ಎರಡು ಬೇರೆ ಬೇರೆ ಜೀನ್‌ಗಳು ಎಂಬುದು ಅವರ ಊಹೆಯಾಗಿತ್ತು. ಅದು ನಿಜವಾಗಿದ್ದರೆ ಎಬಿ ಗುಂಪಿನವರಿಗೂ ಓ ಮಕ್ಕಳು ಸಾಮಾನ್ಯವಾಗಿ ಹುಟ್ಟಬೇಕಿತ್ತು. ಇರುವುದು ಒಂದೇ ಜೀನ್, ಅದಕ್ಕೆ ಮೂರು ರೂಪಗಳು ಎಂದು 1924ರಲ್ಲಿ ಗಣಿತಜ್ಞ ಫೆಲಿಕ್ಸ್ ಬರ್ನ್‌ಸ್ಟೈನ್ ಸ್ಪಷ್ಟಪಡಿಸಿದರು. ನಾವು ಇಂದಿಗೂ ಮಾಡುವ ಲೆಕ್ಕ ಅವರದೇ.

ಹಂತ 1: ಗುಂಪನ್ನು ಖಾತ್ರಿ ಮಾಡಿಕೊಳ್ಳಿ

ನೆನಪಿನಿಂದ ಹೇಳಿದ ಗುಂಪು, ಗುರುತಿನ ಚೀಟಿಯ ಮೇಲೆ ಎಂದೋ ಬರೆಸಿದ ಗುಂಪು, ಹುಟ್ಟಿದಾಗ ಆಸ್ಪತ್ರೆಯಲ್ಲಿ ಬರೆದುಕೊಟ್ಟ ಗುಂಪು, ಈ ಮೂರನ್ನೂ ಹಾಗೇ ನಂಬಬಾರದು. ಲೆಕ್ಕ ತಪ್ಪುವುದು ಬಹುಮಟ್ಟಿಗೆ ಇಲ್ಲಿಯೇ.

ಸರಿಯಾದ ಪರೀಕ್ಷೆಗೆ ಎರಡು ಭಾಗಗಳಿವೆ. ಮೊದಲನೆಯದರಲ್ಲಿ ನಿಮ್ಮ ರಕ್ತಕಣಗಳಿಗೆ ಆಂಟಿ-ಎ, ಆಂಟಿ-ಬಿ, ಆಂಟಿ-ಡಿ ದ್ರಾವಣಗಳನ್ನು (ಕ್ರಮವಾಗಿ ಎ, ಬಿ ಮತ್ತು ಪಾಸಿಟಿವ್ ಗುರುತನ್ನು ಪತ್ತೆ ಮಾಡುವವು) ಬೆರೆಸಿ ಎಲ್ಲಿ ಕಣಗಳು ಗುಂಪುಗೂಡುತ್ತವೆ ಎಂದು ನೋಡುತ್ತಾರೆ. ಆಂಟಿ-ಎ ನೀಲಿ, ಆಂಟಿ-ಬಿ ಹಳದಿ, ಆಂಟಿ-ಡಿ ಬಣ್ಣವಿಲ್ಲದ್ದು. ಎರಡನೆಯದು ತಿರುವುಮುರುವು ಪರೀಕ್ಷೆ: ಗೊತ್ತಿರುವ ಎ ಮತ್ತು ಬಿ ಕಣಗಳಿಗೆ ನಿಮ್ಮ ಪ್ಲಾಸ್ಮಾ (ರಕ್ತದ ದ್ರವಭಾಗ) ಸೇರಿಸಿ ಅದರಲ್ಲಿ ಯಾವ ಪ್ರತಿಕಾಯ (ಆಂಟಿಬಾಡಿ, ಅಂದರೆ ತನ್ನದಲ್ಲದ ಗುರುತಿಗೆ ಅಂಟಿಕೊಳ್ಳುವ ಪ್ರೋಟೀನ್) ಇದೆ ಎಂದು ನೋಡುವುದು. ಎ ಗುಂಪಿನವರ ಪ್ಲಾಸ್ಮಾದಲ್ಲಿ ಆಂಟಿ-ಬಿ ಇರುತ್ತದೆ, ಬಿ ಗುಂಪಿನವರಲ್ಲಿ ಆಂಟಿ-ಎ, ಓ ಗುಂಪಿನವರಲ್ಲಿ ಎರಡೂ. ಎಬಿ ಗುಂಪಿನವರಲ್ಲಿ ಎರಡೂ ಇರುವುದಿಲ್ಲ. ಎರಡು ಭಾಗಗಳ ಫಲಿತಾಂಶ ಒಂದಕ್ಕೊಂದು ತಾಳೆಯಾದರೆ ಮಾತ್ರ ಗುಂಪು ಖಚಿತ.

ಗಾಜಿನ ಸ್ಲೈಡ್ ಮೇಲೆ ಮಾಡುವ ಪರೀಕ್ಷೆಯಲ್ಲಿ ಮೊದಲ ಭಾಗ ಮಾತ್ರ ಇರುತ್ತದೆ. ಅದನ್ನು ಸುಮಾರು ಎರಡು ನಿಮಿಷದೊಳಗೆ ನೋಡಿಬಿಡಬೇಕು. ತಡವಾದರೆ ಹನಿಯ ಅಂಚು ಒಣಗಿ ಕಣಗಳು ಗುಂಪುಗೂಡಿದಂತೆ ಕಾಣುತ್ತವೆ, ನೆಗೆಟಿವ್ ಇದ್ದದ್ದು ಪಾಸಿಟಿವ್ ಆಗಿಬಿಡುತ್ತದೆ.

ನವಜಾತ ಶಿಶುವಿನ ವಿಷಯ ಬೇರೆ. ಮಗು ಸ್ವಂತ ಪ್ರತಿಕಾಯಗಳನ್ನು ತಯಾರಿಸಲು ಶುರುಮಾಡುವುದು ಹುಟ್ಟಿದ ಕೆಲವು ತಿಂಗಳ ಮೇಲೆ. ಹಾಗಾಗಿ ತಿರುವುಮುರುವು ಪರೀಕ್ಷೆಯಿಂದ ತಾಳೆ ನೋಡಲು ಆಗುವುದಿಲ್ಲ. ಎ ಮತ್ತು ಬಿ ಪ್ರತಿಜನಕಗಳೂ ಆಗ ದುರ್ಬಲವಾಗಿರುತ್ತವೆ. ಹೊಕ್ಕುಳಬಳ್ಳಿಯಿಂದ ತೆಗೆದ ರಕ್ತಕ್ಕೆ ಬಳ್ಳಿಯ ಲೋಳೆ ಬೆರೆತರೆ ಕಣಗಳು ಸುಮ್ಮನೆ ಅಂಟಿಕೊಂಡು ದಾರಿ ತಪ್ಪಿಸುತ್ತವೆ. ಹುಟ್ಟಿದಾಗಿನ ಗುಂಪನ್ನು ತಾತ್ಕಾಲಿಕ ಎಂದುಕೊಂಡು, ಮಗುವಿಗೆ ಒಂದು ವರ್ಷ ತುಂಬಿದ ಮೇಲೆ ಮತ್ತೊಮ್ಮೆ ಮಾಡಿಸಿ.

ಹಂತ 2: ಕಾಣುವ ಗುಂಪಿನಿಂದ ಜೋಡಿಗಳನ್ನು ಬರೆಯಿರಿ

ಅಕ್ಷರ ಮತ್ತು ಚಿಹ್ನೆಯನ್ನು ಬೇರೆ ಮಾಡಿ. ಇವೆರಡನ್ನೂ ನಿರ್ಧರಿಸುವುದು ಬೇರೆ ಬೇರೆ ಜೀನ್‌ಗಳು, ಲೆಕ್ಕವೂ ಬೇರೆ ಬೇರೆ. ಮೊದಲು ಅಕ್ಷರ.

ಓ ಗುಂಪು ಎಂದರೆ ಜೋಡಿ ಓ/ಓ, ಬೇರೆ ದಾರಿಯಿಲ್ಲ. ಎಬಿ ಎಂದರೆ ಎ/ಬಿ, ಅದಕ್ಕೂ ಬೇರೆ ದಾರಿಯಿಲ್ಲ. ಎ ಗುಂಪಿಗೆ ಎ/ಎ ಅಥವಾ ಎ/ಓ. ಬಿ ಗುಂಪಿಗೆ ಬಿ/ಬಿ ಅಥವಾ ಬಿ/ಓ. ಎರಡು ಸಾಧ್ಯತೆಗಳಿದ್ದರೆ ಎರಡನ್ನೂ ಕಾಗದದ ಮೇಲೆ ಬರೆಯಿರಿ. ಹೆಚ್ಚಿನವರು ಎ ಎಂದರೆ ಎ/ಎ ಎಂದೇ ಭಾವಿಸಿ ಮುಂದೆ ಹೋಗುತ್ತಾರೆ, ಓ ಮಗು ಬಂದಾಗ ಕಂಗಾಲಾಗುತ್ತಾರೆ.

ಹಂತ 3: ಬಂಧುಗಳ ಗುಂಪಿನಿಂದ ಸಾಧ್ಯತೆಗಳನ್ನು ಕಡಿಮೆ ಮಾಡಿ

ಸಾಮಾನ್ಯ ರಿಪೋರ್ಟಿನಿಂದ ಎ/ಎ ಯಾರು, ಎ/ಓ ಯಾರು ಎಂದು ಹೇಳಲಾಗದು. ಆದರೆ ಮನೆಯವರ ಗುಂಪುಗಳು ಗೊತ್ತಿದ್ದರೆ ಅನೇಕ ವೇಳೆ ಹೇಳಬಹುದು.

ಎ ಗುಂಪಿನವರ ತಂದೆ ಅಥವಾ ತಾಯಿ ಓ ಆಗಿದ್ದರೆ ಅವರಿಗೆ ಬಂದದ್ದು ಓ ಪ್ರತಿಯೇ, ಆದ್ದರಿಂದ ಅವರು ಖಚಿತವಾಗಿ ಎ/ಓ. ಎ ಗುಂಪಿನವರಿಗೆ ಈಗಾಗಲೇ ಓ ಅಥವಾ ಬಿ ಗುಂಪಿನ ಒಂದು ಮಗುವಿದ್ದರೂ ಅವರು ಎ/ಓ. ಎ ಗುಂಪಿನವರ ತಂದೆ ಅಥವಾ ತಾಯಿಯಲ್ಲಿ ಒಬ್ಬರು ಬಿ ಆಗಿದ್ದರೂ ಅವರು ಎ/ಓ ಎಂದೇ, ಏಕೆಂದರೆ ಬಿ ಗುಂಪಿನವರಲ್ಲಿ ಕೊಡಲು ಎ ಇರುವುದಿಲ್ಲ, ಅವರು ಬಿ ಕೊಟ್ಟಿದ್ದರೆ ಗುಂಪು ಎಬಿ ಆಗಬೇಕಿತ್ತು, ಉಳಿದದ್ದು ಓ ಮಾತ್ರ. ಬಿ ಗುಂಪಿನವರಿಗೂ ಇದೇ ತರ್ಕವನ್ನು ಅಕ್ಷರ ಬದಲಿಸಿ ಅನ್ವಯಿಸಿ.

ಒಡಹುಟ್ಟಿದವರ ಗುಂಪಿನಿಂದ ಖಚಿತತೆ ಸಿಗದಿದ್ದರೂ ಸಂಭವನೀಯತೆ ಸಿಗುತ್ತದೆ. ತಂದೆ ತಾಯಿ ಇಬ್ಬರೂ ಎ, ಒಬ್ಬ ತಮ್ಮ ಓ ಎಂದಿಟ್ಟುಕೊಳ್ಳಿ. ಹಾಗಾದರೆ ತಂದೆ ತಾಯಿ ಇಬ್ಬರೂ ಎ/ಓ. ಅವರ ಎ ಗುಂಪಿನ ಮಗಳು ಎ/ಓ ಆಗಿರುವ ಸಂಭವ ಮೂರರಲ್ಲಿ ಎರಡು, ಎ/ಎ ಆಗಿರುವ ಸಂಭವ ಮೂರರಲ್ಲಿ ಒಂದು. ಆಕೆ ಓ ಗುಂಪಿನವರನ್ನು ಮದುವೆಯಾದರೆ ಓ ಮಗು ಹುಟ್ಟುವ ಸಂಭವ ಮೂರರಲ್ಲಿ ಎರಡರ ಅರ್ಧ, ಅಂದರೆ ಮೂರರಲ್ಲಿ ಒಂದು.

ಹಂತ 4: ಚೌಕ ಬಿಡಿಸಿ

ನಾಲ್ಕು ಮನೆಗಳ ಚೌಕ ಬರೆಯಿರಿ. ಮೇಲೆ ತಂದೆಯ ಎರಡು ಪ್ರತಿಗಳು, ಎಡಗಡೆ ತಾಯಿಯ ಎರಡು ಪ್ರತಿಗಳು. ಪ್ರತಿ ಮನೆಯಲ್ಲೂ ಮೇಲಿನ ಒಂದಕ್ಷರ, ಎಡದ ಒಂದಕ್ಷರ ಸೇರಿಸಿ ಬರೆಯಿರಿ. ಒಂದೊಂದು ಮನೆಯ ತೂಕ ಶೇ. 25.

ತಂದೆ ಎ/ಓ, ತಾಯಿ ಬಿ/ಓ ಆದರೆ ನಾಲ್ಕು ಮನೆಗಳಲ್ಲಿ ಎ/ಬಿ, ಬಿ/ಓ, ಎ/ಓ, ಓ/ಓ ಬರುತ್ತವೆ. ಅಂದರೆ ಎಬಿ, ಬಿ, ಎ, ಓ ನಾಲ್ಕೂ ತಲಾ ಶೇ. 25. ತಂದೆ ಎ/ಓ, ತಾಯಿ ಎ/ಬಿ ಆದರೆ ಮನೆಗಳು ಎ/ಎ, ಎ/ಓ, ಎ/ಬಿ, ಬಿ/ಓ: ಎ ಗುಂಪು ಶೇ. 50, ಎಬಿ ಶೇ. 25, ಬಿ ಶೇ. 25. ಒಬ್ಬರಿಗೆ ಎರಡು ಸಾಧ್ಯ ಜೋಡಿಗಳಿದ್ದರೆ ಎರಡು ಚೌಕಗಳನ್ನು ಬಿಡಿಸಬೇಕು. ಯಾವುದು ನಿಜ ಎಂದು ತಿಳಿಯುವವರೆಗೆ ಶೇಕಡಾವಾರು ಹೇಳದೆ, ಸಾಧ್ಯವಿರುವ ಗುಂಪುಗಳ ಪಟ್ಟಿಯನ್ನಷ್ಟೇ ಹೇಳಿ.

ಎಲ್ಲ ಹತ್ತು ಜೋಡಿಗಳ ಫಲಿತಾಂಶ ಇಲ್ಲಿದೆ. ಯಾರು ತಂದೆ, ಯಾರು ತಾಯಿ ಎಂಬುದರಿಂದ ವ್ಯತ್ಯಾಸವಾಗದು.

- ಓ ಮತ್ತು ಓ: ಓ ಮಾತ್ರ
- ಓ ಮತ್ತು ಎ: ಎ ಅಥವಾ ಓ
- ಓ ಮತ್ತು ಬಿ: ಬಿ ಅಥವಾ ಓ
- ಓ ಮತ್ತು ಎಬಿ: ಎ ಅಥವಾ ಬಿ
- ಎ ಮತ್ತು ಎ: ಎ ಅಥವಾ ಓ
- ಬಿ ಮತ್ತು ಬಿ: ಬಿ ಅಥವಾ ಓ
- ಎ ಮತ್ತು ಬಿ: ನಾಲ್ಕರಲ್ಲಿ ಯಾವುದಾದರೂ
- ಎ ಮತ್ತು ಎಬಿ: ಎ, ಬಿ ಅಥವಾ ಎಬಿ
- ಬಿ ಮತ್ತು ಎಬಿ: ಎ, ಬಿ ಅಥವಾ ಎಬಿ
- ಎಬಿ ಮತ್ತು ಎಬಿ: ಎ, ಬಿ ಅಥವಾ ಎಬಿ

ಓ ಮತ್ತು ಎಬಿ ಸಾಲನ್ನು ಇನ್ನೊಮ್ಮೆ ಓದಿ. ಅಲ್ಲಿ ಮಗುವಿಗೆ ತಂದೆಯ ಗುಂಪೂ ಬರುವುದಿಲ್ಲ, ತಾಯಿಯ ಗುಂಪೂ ಬರುವುದಿಲ್ಲ. ಮಗುವಿನ ಗುಂಪು ಹೆತ್ತವರಲ್ಲಿ ಒಬ್ಬರದರಂತೆ ಇರಲೇಬೇಕು ಎಂಬ ನಂಬಿಕೆ ಎಷ್ಟು ತಪ್ಪು ಎಂಬುದಕ್ಕೆ ಇದೊಂದೇ ಸಾಲು ಸಾಕು.

ಈ ಶೇಕಡಾವಾರು ಪ್ರತಿ ಬಸಿರಿಗೂ ಹೊಸದಾಗಿ ಅನ್ವಯಿಸುತ್ತದೆ. ಮೊದಲ ಮಗು ಓ ಆಯಿತು ಎಂದರೆ ಎರಡನೆಯದು ಓ ಆಗುವ ಸಂಭವ ಕಡಿಮೆಯಾಗದು. ಎ/ಓ ಮತ್ತು ಬಿ/ಓ ದಂಪತಿಗೆ ನಾಲ್ಕು ಮಕ್ಕಳಿದ್ದರೂ ಅವರಲ್ಲಿ ಒಬ್ಬರೂ ಓ ಆಗದಿರುವ ಸಂಭವ ಸುಮಾರು ಶೇ. 32.

ಹಂತ 5: ಪಾಸಿಟಿವ್, ನೆಗೆಟಿವ್ ಲೆಕ್ಕ

ಆರ್‌ಎಚ್ ಗುಂಪಿನ ಚಿಹ್ನೆ ಡಿ ಎಂಬ ಪ್ರತಿಜನಕ ಇದೆಯೋ ಇಲ್ಲವೋ ಎಂಬುದನ್ನು ಹೇಳುತ್ತದೆ. ಇದರ ಜೀನ್ ಇರುವುದು 1ನೇ ವರ್ಣತಂತುವಿನಲ್ಲಿ. ನೆಗೆಟಿವ್ ಇರುವ ಅನೇಕರಲ್ಲಿ ಈ ಜೀನ್ ಪೂರ್ತಿಯಾಗಿಯೇ ಇರುವುದಿಲ್ಲ. ಹಾಗಾಗಿ ಇಲ್ಲದ ಪ್ರತಿಯನ್ನು ಖಾಲಿ ಎಂದು ಬರೆಯೋಣ.

ನೆಗೆಟಿವ್ ಎಂದರೆ ಖಾಲಿ/ಖಾಲಿ. ಪಾಸಿಟಿವ್ ಎಂದರೆ ಡಿ/ಡಿ ಅಥವಾ ಡಿ/ಖಾಲಿ. ತಂದೆ ತಾಯಿ ಇಬ್ಬರೂ ಡಿ/ಖಾಲಿ ಆಗಿದ್ದರೆ ಮಗು ನೆಗೆಟಿವ್ ಆಗುವ ಸಂಭವ ಶೇ. 25. ಒಬ್ಬರು ಡಿ/ಖಾಲಿ, ಇನ್ನೊಬ್ಬರು ನೆಗೆಟಿವ್ ಆದರೆ ಶೇ. 50. ಒಬ್ಬರು ಡಿ/ಡಿ ಆದರೆ ಇನ್ನೊಬ್ಬರು ಏನೇ ಇರಲಿ, ಮಕ್ಕಳೆಲ್ಲ ಪಾಸಿಟಿವ್. ಇಬ್ಬರೂ ನೆಗೆಟಿವ್ ಆದರೆ ಮಕ್ಕಳೆಲ್ಲ ನೆಗೆಟಿವ್. ಪಾಸಿಟಿವ್ ವ್ಯಕ್ತಿಯ ತಂದೆ, ತಾಯಿ ಅಥವಾ ಮಗು ನೆಗೆಟಿವ್ ಆಗಿದ್ದರೆ ಆತ ಡಿ/ಖಾಲಿ ಎಂಬುದು ಖಚಿತ.

ಹಂತ 6: ಎರಡನ್ನೂ ಗುಣಿಸಿ

1ನೇ ಮತ್ತು 9ನೇ ವರ್ಣತಂತುಗಳು ಒಂದನ್ನೊಂದು ಅವಲಂಬಿಸದೆ ಹಂಚಿಕೆಯಾಗುತ್ತವೆ, ಆದ್ದರಿಂದ ಎರಡು ಸಂಭವನೀಯತೆಗಳನ್ನು ಗುಣಿಸಿದರೆ ಮುಗಿಯಿತು. ತಂದೆ ಎ/ಓ ಮತ್ತು ಡಿ/ಖಾಲಿ, ತಾಯಿ ಬಿ/ಓ ಮತ್ತು ಡಿ/ಖಾಲಿ. ಓ ಬರುವ ಸಂಭವ ನಾಲ್ಕರಲ್ಲಿ ಒಂದು, ನೆಗೆಟಿವ್ ಬರುವ ಸಂಭವ ನಾಲ್ಕರಲ್ಲಿ ಒಂದು. ಎ ಪಾಸಿಟಿವ್, ಬಿ ಪಾಸಿಟಿವ್ ದಂಪತಿಗೆ ಓ ನೆಗೆಟಿವ್ ಮಗು ಹುಟ್ಟುವ ಸಂಭವ ಹೀಗೆ 16ರಲ್ಲಿ 1, ಅಂದರೆ ಶೇ. 6.25. ಇದೇ ದಂಪತಿಗೆ ಎಬಿ ಪಾಸಿಟಿವ್ ಮಗುವಿನ ಸಂಭವ 16ರಲ್ಲಿ 3.

ಹಂತ 7: ಮಗುವಿನಿಂದ ಹಿಂದಕ್ಕೆ ಲೆಕ್ಕ

ತಾಯಿ ಮತ್ತು ಮಗುವಿನ ಗುಂಪು ಗೊತ್ತಿದ್ದು ತಂದೆಯ ಗುಂಪು ಏನಿರಬಹುದು ಎಂದು ತಿಳಿಯಬೇಕಾದರೆ, ಮೊದಲು ಮಗುವಿನ ಜೋಡಿಯಲ್ಲಿ ತಾಯಿ ಕೊಟ್ಟದ್ದು ಯಾವುದು ಎಂದು ಗುರುತಿಸಿ. ಉಳಿದದ್ದು ತಂದೆಯದು. ತಾಯಿ ಎ, ಮಗು ಬಿ ಎಂದರೆ ತಾಯಿ ಬಿ ಕೊಡಲಾರಳು. ಎ ಕೊಟ್ಟಿದ್ದರೆ ಮಗುವಿನಲ್ಲಿ ಎ ಕಾಣಬೇಕಿತ್ತು. ಆಕೆ ಕೊಟ್ಟದ್ದು ಓ, ತಂದೆ ಕೊಟ್ಟದ್ದು ಬಿ. ಹಾಗಾಗಿ ತಂದೆಯ ಗುಂಪು ಬಿ ಅಥವಾ ಎಬಿ ಆಗಿರಬೇಕು.

ಚಾರ್ಲಿ ಚಾಪ್ಲಿನ್ ವಿರುದ್ಧ 1940ರ ದಶಕದಲ್ಲಿ ಅಮೆರಿಕದಲ್ಲಿ ನಡೆದ ಪಿತೃತ್ವದ ಮೊಕದ್ದಮೆಯಲ್ಲಿ ಇದೇ ಲೆಕ್ಕ ಬಂದಿತ್ತು: ತಾಯಿ ಎ, ಮಗು ಬಿ, ಚಾಪ್ಲಿನ್ ಓ. ರಕ್ತಪರೀಕ್ಷೆಯ ಪ್ರಕಾರ ಅವರು ತಂದೆಯಾಗಲು ಸಾಧ್ಯವಿರಲಿಲ್ಲ. ಆದರೂ 1945ರಲ್ಲಿ ತೀರ್ಪುಗಾರರು ಅವರೇ ತಂದೆ ಎಂದು ತೀರ್ಮಾನಿಸಿದರು. ರಕ್ತದ ಗುಂಪು ಹೊಂದಿಕೊಂಡರೆ ಅದು ಪಿತೃತ್ವಕ್ಕೆ ಪುರಾವೆಯಲ್ಲ, ಲಕ್ಷಾಂತರ ಜನರ ಗುಂಪು ಹೊಂದುತ್ತದೆ. ಹೊಂದದಿದ್ದರೂ ಇಂದು ಅದರ ಮೇಲೆ ತೀರ್ಮಾನ ಕೊಡುವುದಿಲ್ಲ, ಡಿಎನ್ಎ ಪರೀಕ್ಷೆಯೇ ಬೇಕು. ಕಾರಣಗಳು ಮುಂದಿವೆ.

ಹಂತ 8: ಲೆಕ್ಕ ಕೂಡಿಬರದಿದ್ದರೆ

ಇಲ್ಲಿ ಅವಸರ ಪಡಬಾರದು. ಪಟ್ಟಿಯಲ್ಲಿಲ್ಲದ ಗುಂಪು ಮಗುವಿಗೆ ಬಂದಿದೆ ಎಂದು ಕಂಡ ಕೂಡಲೇ ತಾಯಿಯ ಮೇಲೆ ಸಂಶಯ ಪಡುವುದು ಅನ್ಯಾಯ, ಅದು ವಿಜ್ಞಾನವೂ ಅಲ್ಲ. ಪರಿಶೀಲನೆ ಈ ಕ್ರಮದಲ್ಲಿ ನಡೆಯಲಿ.

ಮೊದಲು ಮೂವರ ಹೊಸ ಮಾದರಿ ಕೊಟ್ಟು, ರಕ್ತನಿಧಿಯಲ್ಲಿ ಎರಡೂ ಭಾಗಗಳ ಪರೀಕ್ಷೆ ಮಾಡಿಸಿ. ಟ್ಯೂಬಿಗೆ ಬೇರೆಯವರ ಹೆಸರು ಅಂಟಿಸಿದ್ದು, ರಿಪೋರ್ಟು ಬರೆಯುವಾಗಿನ ಕೈತಪ್ಪು, ಬಹಳಷ್ಟು ಗೊಂದಲಗಳು ಇಲ್ಲಿಯೇ ಬಗೆಹರಿಯುತ್ತವೆ.

ಆಮೇಲೆ ದುರ್ಬಲ ಪ್ರತಿಜನಕದ ಸಾಧ್ಯತೆ ನೋಡಿ. ತಂದೆ ಬಿ, ತಾಯಿ ಓ, ಮಗು ಎ ಎಂದು ರಿಪೋರ್ಟು ಬಂದಿದೆ ಎನ್ನಿ. ಪಟ್ಟಿಯ ಪ್ರಕಾರ ಅಸಾಧ್ಯ. ಆದರೆ ಎ ಗುಂಪಿನಲ್ಲಿ ಎ1, ಎ2 ಎಂಬ ಉಪಗುಂಪುಗಳಿವೆ, ಅವಕ್ಕಿಂತ ದುರ್ಬಲವಾದವೂ ಇವೆ. ದುರ್ಬಲ ಎ ಜೊತೆಗೆ ಬಿ ಇರುವವರಲ್ಲಿ ಎ ಇನ್ನಷ್ಟು ಮಂಕಾಗಿ, ಸ್ಲೈಡಿನ ಮೇಲೆ ಗಮನಕ್ಕೆ ಬಾರದೆ ಹೋಗಬಹುದು. ತಂದೆ ನಿಜವಾಗಿ ಎಬಿ, ರಿಪೋರ್ಟಿನಲ್ಲಿ ಮಾತ್ರ ಬಿ. ಅಡಗಿದ್ದ ಎ ಮಗುವಿನಲ್ಲಿ ಬಿ ಜೊತೆಯಿಲ್ಲದೆ ಕಾಣಿಸಿಕೊಂಡಿದೆ. ತಿರುವುಮುರುವು ಪರೀಕ್ಷೆ ಮಾಡಿದ್ದರೆ ತಂದೆಯ ಪ್ಲಾಸ್ಮಾದಲ್ಲಿ ನಿರೀಕ್ಷಿತ ಆಂಟಿ-ಎ ಸರಿಯಾಗಿ ಸಿಗದೆ ಸುಳಿವು ದೊರೆಯುತ್ತಿತ್ತು. ಡಿ ಪ್ರತಿಜನಕಕ್ಕೂ ಇಂಥ ದುರ್ಬಲ ರೂಪಗಳಿವೆ. ಇಬ್ಬರು ನೆಗೆಟಿವ್ ಹೆತ್ತವರಿಗೆ ಪಾಸಿಟಿವ್ ಮಗು ಎಂದು ಬಂದರೆ, ಹೆತ್ತವರಲ್ಲಿ ಒಬ್ಬರಿಗೆ ದುರ್ಬಲ ಡಿ ಇದೆಯೇ ಎಂದು ನೋಡಿಸಬೇಕು.

ಮೂರನೆಯದು ಬಾಂಬೆ ಗುಂಪು. ವೈ. ಎಂ. ಭೇಂಡೆ ಮತ್ತು ಅವರ ಸಹೋದ್ಯೋಗಿಗಳು 1952ರಲ್ಲಿ ಬಾಂಬೆಯಲ್ಲಿ ಇದನ್ನು ವರದಿ ಮಾಡಿದರು. 19ನೇ ವರ್ಣತಂತುವಿನ ಒಂದು ಜೀನ್ ಎರಡೂ ಪ್ರತಿಗಳಲ್ಲಿ ಕೆಟ್ಟಿದ್ದರೆ ಎಚ್ ಸರಪಳಿಯೇ ತಯಾರಾಗುವುದಿಲ್ಲ. ಎ ಅಥವಾ ಬಿ ಕಿಣ್ವ ಇದ್ದರೂ ಸಕ್ಕರೆ ಅಂಟಿಸಲು ತುದಿಯೇ ಇಲ್ಲ. ಇಂಥವರು ಸಾಮಾನ್ಯ ಪರೀಕ್ಷೆಯಲ್ಲಿ ಓ ಎಂದು ಕಾಣುತ್ತಾರೆ, ಆದರೆ ಅವರೊಳಗಿನ ಎ ಅಥವಾ ಬಿ ಜೀನ್ ಮಕ್ಕಳಿಗೆ ದಾಟುತ್ತದೆ. ಎಬಿ ಗುಂಪಿನ ಇಬ್ಬರು ಹೆತ್ತವರೂ ಈ ಕೆಟ್ಟ ಪ್ರತಿಯನ್ನು ಒಂದೊಂದು ಹೊತ್ತಿದ್ದರೆ ಓ ಎಂದು ಕಾಣುವ ಮಗು ಹುಟ್ಟಬಹುದು. ಪತ್ತೆಗೆ ಆಂಟಿ-ಎಚ್ ಪರೀಕ್ಷೆ ಇದೆ: ನಿಜವಾದ ಓ ಕಣಗಳು ಅದರೊಂದಿಗೆ ಜೋರಾಗಿ ಗುಂಪುಗೂಡುತ್ತವೆ, ಬಾಂಬೆ ಕಣಗಳು ಗುಂಪುಗೂಡುವುದಿಲ್ಲ. ಇದು ವಂಶದ ಲೆಕ್ಕಕ್ಕಷ್ಟೇ ಸಂಬಂಧಿಸಿದ ಮಾತಲ್ಲ. ಬಾಂಬೆ ಗುಂಪಿನವರಿಗೆ ಓ ರಕ್ತ ಕೊಟ್ಟರೆ ಪ್ರಾಣಕ್ಕೇ ಅಪಾಯ, ಅವರಿಗೆ ಬಾಂಬೆ ಗುಂಪಿನ ರಕ್ತವೇ ಬೇಕು.

ಇನ್ನೂ ಅಪರೂಪದ್ದು ಸಿಸ್-ಎಬಿ. ಇದರಲ್ಲಿ ಒಂದೇ ಪ್ರತಿ ಎ, ಬಿ ಎರಡೂ ಸಕ್ಕರೆಗಳನ್ನು ಅಂಟಿಸುವ ಕಿಣ್ವ ಕೊಡುತ್ತದೆ. ಜೊತೆಯ ಪ್ರತಿ ಓ ಆಗಿದ್ದರೆ ಆ ಎಬಿ ವ್ಯಕ್ತಿಗೆ ಓ ಗುಂಪಿನ ಸಂಗಾತಿಯಿಂದ ಎಬಿ ಮಗುವೂ ಓ ಮಗುವೂ ಹುಟ್ಟಬಹುದು.

ಕೊನೆಗೆ ವೈದ್ಯಕೀಯ ಇತಿಹಾಸ ಕೇಳಿ. ಇತ್ತೀಚೆಗೆ ರಕ್ತ ಪಡೆದವರಲ್ಲಿ ಎರಡು ಬಗೆಯ ಕಣಗಳು ಬೆರೆತಿರುತ್ತವೆ. ರಕ್ತದ ಕ್ಯಾನ್ಸರ್‌ನಲ್ಲಿ ಎ, ಬಿ ಪ್ರತಿಜನಕಗಳು ಕ್ಷೀಣಿಸಬಹುದು. ಅಸ್ಥಿಮಜ್ಜೆಯ ಕಸಿ ಮಾಡಿಸಿಕೊಂಡವರ ರಕ್ತದ ಗುಂಪು ದಾನಿಯದಕ್ಕೆ ಬದಲಾಗುತ್ತದೆ, ಆದರೆ ಅಂಡಾಣು, ವೀರ್ಯಾಣುಗಳಲ್ಲಿ ಹಳೆಯ ಜೀನ್‌ಗಳೇ ಇರುತ್ತವೆ. ಅವರ ಮಕ್ಕಳ ಲೆಕ್ಕಕ್ಕೆ ಕಸಿಗೆ ಮುಂಚಿನ ಗುಂಪನ್ನೇ ಹಿಡಿಯಬೇಕು.

ತಾಯಿ ನೆಗೆಟಿವ್, ತಂದೆ ಪಾಸಿಟಿವ್ ಆದಾಗ

ಗಂಡ ಹೆಂಡತಿಯ ಗುಂಪು ಒಂದೇ ಆಗಿದ್ದರೆ ಮಕ್ಕಳಿಗೆ ತೊಂದರೆ ಎಂಬ ಮಾತಿಗೆ ಯಾವ ಆಧಾರವೂ ಇಲ್ಲ. ಗಮನ ಕೊಡಬೇಕಾದದ್ದು ತಾಯಿ ನೆಗೆಟಿವ್ ಇದ್ದಾಗ. ಮಗು ಪಾಸಿಟಿವ್ ಆಗಿದ್ದು ಅದರ ರಕ್ತಕಣಗಳು ಹೆರಿಗೆ, ಗರ್ಭಪಾತ ಅಥವಾ ಹೊಟ್ಟೆಗೆ ಬಿದ್ದ ಪೆಟ್ಟಿನ ಸಮಯದಲ್ಲಿ ತಾಯಿಯ ರಕ್ತಕ್ಕೆ ಸೇರಿದರೆ, ಆಕೆಯ ದೇಹ ಆಂಟಿ-ಡಿ ಪ್ರತಿಕಾಯಗಳನ್ನು ತಯಾರಿಸಬಹುದು. ಮೊದಲ ಮಗುವಿಗೆ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ. ಮುಂದಿನ ಪಾಸಿಟಿವ್ ಮಗುವಿನ ಕಣಗಳನ್ನು ಈ ಪ್ರತಿಕಾಯಗಳು ಮಾಸನ್ನು (ಪ್ಲಾಸೆಂಟಾ) ದಾಟಿ ಹೋಗಿ ನಾಶಮಾಡುತ್ತವೆ, ತೀವ್ರ ರಕ್ತಹೀನತೆ ಮತ್ತು ಕಾಮಾಲೆ ಬರುತ್ತದೆ.

ಬಸಿರಿನ ಮೊದಲ ಭೇಟಿಯಲ್ಲೇ ತಾಯಿಯ ಗುಂಪು ಮತ್ತು ಇನ್‌ಡೈರೆಕ್ಟ್ ಕೂಂಬ್ಸ್ ಪರೀಕ್ಷೆ (ಆಕೆಯ ರಕ್ತದಲ್ಲಿ ಇಂಥ ಪ್ರತಿಕಾಯ ಇದೆಯೇ ಎಂದು ನೋಡುವುದು) ಮಾಡಿಸಿ. ಪ್ರತಿಕಾಯ ಇಲ್ಲದಿದ್ದರೆ ಸಾಮಾನ್ಯವಾಗಿ 28ನೇ ವಾರದ ಸುಮಾರಿಗೆ, ಆಕೆಯ ದೇಹ ಸ್ವಂತ ಪ್ರತಿಕಾಯ ತಯಾರಿಸದಂತೆ ತಡೆಯುವ ಆಂಟಿ-ಡಿ ಇಂಜೆಕ್ಷನ್ ಕೊಡುತ್ತಾರೆ. ಹೆರಿಗೆಯ ನಂತರ ಮಗು ಪಾಸಿಟಿವ್ ಎಂದು ತಿಳಿದರೆ 72 ಗಂಟೆಯೊಳಗೆ ಮತ್ತೊಮ್ಮೆ. 300 ಮೈಕ್ರೋಗ್ರಾಂ ಡೋಸ್ ಮಗುವಿನ ಸುಮಾರು 30 ಮಿಲಿಲೀಟರ್ ರಕ್ತ ತಾಯಿಯೊಳಗೆ ಸೇರಿದ್ದರೂ ಅದನ್ನು ನಿಭಾಯಿಸುತ್ತದೆ. ಅದಕ್ಕಿಂತ ಹೆಚ್ಚು ಸೇರಿರುವ ಅನುಮಾನವಿದ್ದರೆ ಅಳೆದು ಡೋಸ್ ಹೆಚ್ಚಿಸುತ್ತಾರೆ. ಗರ್ಭಪಾತವಾದಾಗ ಮತ್ತು ಗರ್ಭನಾಳದಲ್ಲಿ ಬಸಿರು ನಿಂತಾಗ ಇಂಜೆಕ್ಷನ್ ಬೇಕೇ ಎಂದು ವೈದ್ಯರನ್ನು ಆ ದಿನವೇ ಕೇಳಿ, ಮರೆತುಹೋಗುವುದು ಹೆಚ್ಚಾಗಿ ಈ ಸಂದರ್ಭಗಳಲ್ಲೇ. ತಂದೆಯೂ ನೆಗೆಟಿವ್ ಎಂದು ಪರೀಕ್ಷೆಯಿಂದ ಖಚಿತವಾಗಿದ್ದರೆ ಮಗುವೂ ನೆಗೆಟಿವ್, ಇಂಜೆಕ್ಷನ್ ಬೇಕಾಗುವುದಿಲ್ಲ.

ಓ ಗುಂಪಿನ ತಾಯಿಗೆ ಎ ಅಥವಾ ಬಿ ಮಗು ಹುಟ್ಟಿದಾಗಲೂ ಕಾಮಾಲೆ ಕಾಣಿಸಬಹುದು, ಇದು ಮೊದಲ ಮಗುವಿಗೂ ಆಗಬಹುದು. ಹೆಚ್ಚಿನ ವೇಳೆ ಸೌಮ್ಯವಾಗಿದ್ದು ಬೆಳಕಿನ ಚಿಕಿತ್ಸೆಯಿಂದಲೇ ಗುಣವಾಗುತ್ತದೆ. ಹುಟ್ಟಿದ ಮೊದಲ 24 ಗಂಟೆಯೊಳಗೆ ಮಗುವಿನ ಮೈ ಹಳದಿಯಾದರೆ ಮಾತ್ರ ಕಾಯಬಾರದು, ತಕ್ಷಣ ಬಿಲಿರುಬಿನ್ (ಮೈ ಹಳದಿಯಾಗಿಸುವ ವಸ್ತು) ಪರೀಕ್ಷೆ ಮಾಡಿಸಬೇಕು.

ತಾಯಿಯಲ್ಲಿ ಆಂಟಿ-ಡಿ ಪ್ರತಿಕಾಯ ಆಗಲೇ ತಯಾರಾಗಿದ್ದರೆ ಇಂಜೆಕ್ಷನ್‌ನಿಂದ ಪ್ರಯೋಜನವಿಲ್ಲ. ಆಗ ಪ್ರತಿಕಾಯದ ಮಟ್ಟವನ್ನು ಆಗಾಗ ಅಳೆಯುತ್ತಾ, ಡಾಪ್ಲರ್ ಸ್ಕ್ಯಾನ್‌ನಲ್ಲಿ ಮಗುವಿನ ಮೆದುಳಿನ ರಕ್ತನಾಳದ ಹರಿವಿನ ವೇಗ ನೋಡಿ ರಕ್ತಹೀನತೆಯನ್ನು ಅಂದಾಜಿಸುತ್ತಾರೆ. ಅಗತ್ಯ ಬಿದ್ದರೆ ಗರ್ಭದಲ್ಲಿರುವಾಗಲೇ ಮಗುವಿಗೆ ಓ ನೆಗೆಟಿವ್ ರಕ್ತ ಕೊಡುತ್ತಾರೆ. ತಂದೆ ಡಿ/ಖಾಲಿ ಆಗಿದ್ದರೆ ಮಗು ನೆಗೆಟಿವ್ ಆಗಿರುವ ಸಂಭವ ಅರ್ಧದಷ್ಟು ಇರುತ್ತದೆ. ತಾಯಿಯ ರಕ್ತದಲ್ಲಿ ತೇಲುವ ಮಗುವಿನ ಡಿಎನ್ಎಯಿಂದ ಅದನ್ನು ಬಸಿರಿನಲ್ಲೇ ತಿಳಿಯುವ ಪರೀಕ್ಷೆ ಇದೆ. ಅದು ಎಲ್ಲಿ ಲಭ್ಯ ಎಂದು ಸ್ತ್ರೀರೋಗ ತಜ್ಞರನ್ನು ಕೇಳಿ ಮಾಡಿಸಿಕೊಳ್ಳಿ.